ಕೊಕ್ಕರೆ ಬೆಳ್ಳೂರಿನ ಹುಣಸೆ ಲೆಕ್ಕ

ಮಂಡ್ಯ ಜಿಲ್ಲೆಯಲ್ಲಿ ಬರೀ ಬೆಳ್ಳೂರು ಎಂದು ದಾರಿ ಕೇಳಿದರೆ ನಾಗಮಂಗಲದ ಕಡೆ ಕಳಿಸಿಬಿಟ್ಟಾರು. ಮದ್ದೂರು ತಾಲ್ಲೂಕಿನ ಬೆಳ್ಳೂರಿಗೆ ಕೊಕ್ಕರೆ ಸೇರಿಸಿಯೇ ಕೇಳಬೇಕು. ಬೆಂಗಳೂರು–ಮೈಸೂರು ರಸ್ತೆಯ ರುದ್ರಾಕ್ಷಿಪುರದಲ್ಲಿ ತಿರುಗಿ ಸುಮಾರು 12 ಕಿ.ಮೀ. ಒಳಗೆ ಹೋದರೆ ಊರು ಸಿಗುತ್ತದೆ. ಮೊದಲು ಇದು ಶಿಂಷಾ ದಡದಲ್ಲಿತ್ತಂತೆ. ಪ್ಲೇಗಿಗೆ ಹೆದರಿ ಜನ ಈಗಿನ ಜಾಗಕ್ಕೆ ಬಂದರು, ಹಕ್ಕಿಗಳೂ ಹಿಂದೆಯೇ ಬಂದವು ಎನ್ನುತ್ತಾರೆ ಊರಿನವರು.

ಡಿಸೆಂಬರ್, ಜನವರಿಯ ಹೊತ್ತಿಗೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಹಿತ್ತಲಿನ, ಬೀದಿ ಬದಿಯ ಮರಗಳಲ್ಲಿ ಗೂಡು ಕಟ್ಟುತ್ತವೆ. ದೊಡ್ಡ ಹೆಜ್ಜಾರ್ಲೆ ಬಾಯಿ ತೆರೆದರೆ ಸಾಕು, ಮರಿ ಕುತ್ತಿಗೆಯವರೆಗೆ ತಲೆ ತೂರಿಸಿ ಚೀಲದೊಳಗಿನ ಮೀನಿಗೆ ಬಾಯಿ ಹಾಕುತ್ತದೆ. ಗಲಾಟೆಯೆಲ್ಲ ಮರಿಗಳದು, ದೊಡ್ಡವು ಹೆಚ್ಚುಕಡಿಮೆ ಮೌನಿಗಳು. ಕೊಕ್ಕರೆಗಳು ಕೊಕ್ಕನ್ನು ಕಟಕಟ ಬಡಿಯುವುದಷ್ಟೇ. ಎಲೆ, ಕೊಂಬೆ, ಕೆಳಗಿನ ಹೆಂಚು ಎಲ್ಲವೂ ಹಿಕ್ಕೆಯಿಂದ ಬೆಳ್ಳಗಾಗಿರುತ್ತವೆ. ಜೊತೆಗೆ ಕೊಳೆತ ಮೀನಿನ ನಾತ. ಮರದಡಿ ಗುಂಡಿ ತೋಡಿ, ಕೆರೆಗೋಡು ತುಂಬಿಸಿಟ್ಟರೆ ಈ ಹಿಕ್ಕೆ ಸೇರಿ ಒಳ್ಳೆಯ ಗೊಬ್ಬರವಾಗುತ್ತದೆ.

ತೊಡಕಿರುವುದು ಹುಣಸೆಯಲ್ಲಿ. ಗೂಡಿನಲ್ಲಿ ಮರಿಗಳಿರುವಾಗಲೇ ಹಣ್ಣು ಬಡಿಯುವ ಕಾಲ. ಮರ ಬಡಿದರೆ ಮರಿ ಬೀಳುತ್ತದೆ, ಬಡಿಯದಿದ್ದರೆ ಆ ವರ್ಷದ ಹುಣಸೆ ದುಡ್ಡು ಹೋಗುತ್ತದೆ. ಹಕ್ಕಿಗಳು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಂಬ ಊರಿನವರ ಮಾತನ್ನು ಪತ್ರಿಕೆಯವರು ಮೆಚ್ಚಿ ಬರೆಯುತ್ತಾರೆ. ಬಾಣಂತನಕ್ಕೆ ಖರ್ಚೂ ಇದೆ ಎಂದು ಬರೆಯುವವರು ಕಡಿಮೆ.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಆಮೇಲೆ ಮರದ ಒಡೆಯರಿಗೆ ಇಲಾಖೆ ಪರಿಹಾರ ಕೊಡತೊಡಗಿತು. ತೊಂಬತ್ತರ ದಶಕದಲ್ಲಿ ಮೈಸೂರಿನ ಕೆ. ಮನು ಊರಿನ ಯುವಕರ ಜೊತೆ ಸೇರಿ ಕೆಲಸಕ್ಕಿಳಿದರು. ಹೀಗೆ ಹುಟ್ಟಿದ್ದು ಹೆಜ್ಜಾರ್ಲೆ ಬಳಗ. ಗೂಡಿನಿಂದ ಬಿದ್ದ ಮರಿಗಳನ್ನು ಬಲೆ ಕಟ್ಟಿದ ಆವರಣದಲ್ಲಿ ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸ ಇವರದು. ನನ್ನ ಮಟ್ಟಿಗೆ ಈ ಊರಿನಲ್ಲಿ ನಡೆದ ಅತ್ಯಂತ ದೊಡ್ಡ ಕೆಲಸ ಇದೇ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂಬ ಘೋಷಣೆಯಾಯಿತು. ಅಭಯಾರಣ್ಯದಂತಲ್ಲ ಇದು, ಜಮೀನೂ ಮರವೂ ಜನರ ಹೆಸರಿನಲ್ಲೇ ಉಳಿದವು.

ಆದರೆ ಗೂಡು ಇಲ್ಲಿ, ಊಟ ಬೇರೆಡೆ. ಮೀನಿಗಾಗಿ ಹಕ್ಕಿಗಳು ಶಿಂಷಾಗೆ, ತೈಲೂರು ಕೆರೆಗೆ, ಸೂಳೆಕೆರೆಗೆ ಹಾರುತ್ತವೆ. 2017ರ ಕೊನೆಗೆ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯತೊಡಗಿ, ಮುಂದಿನ ಕೆಲವು ತಿಂಗಳಲ್ಲಿ ಹತ್ತಾರು ಉರುಳಿದವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ದುಂಡುಹುಳು ಸಿಕ್ಕಿತು. ಇಂಥ ಹುಳು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕ. ಕೆರೆಗೆ ಯಾವ ಊರಿನ ಚರಂಡಿ ಬಂದು ಬೀಳುತ್ತದೆ, ಹೂಳು ಯಾವಾಗ ಎತ್ತುತ್ತಾರೆ, ಮೀನು ಯಾರಿಗೆ ಹರಾಜಾಗುತ್ತದೆ ಎಂಬುದು ಬೆಳ್ಳೂರಿನವರ ಕೈಯಲ್ಲಿಲ್ಲ. ಹುಣಸೆ ಬಿಟ್ಟುಕೊಟ್ಟವರು ಅವರು, ಕೆರೆಗಳ ಮಾತು ಬಂದಾಗ ಅವರನ್ನೂ ಕರೆದು ಕೂರಿಸಬೇಕಲ್ಲವೇ?