ರಾಣಿಯಲ್ಲದ ಹಾವುರಾಣಿ

ಹಳಿಯಾಳದ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ಹುಡುಗನೊಬ್ಬ ಒಂದು ದಿನ ಗಾಜಿನ ಬಾಟಲಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. ಅದರೊಳಗೆ ಕಾಳಿ ನದಿಯ ಒಣ ಮರಳು. ಮರಳಿನ ಮೇಲೆ ಎಣ್ಣೆ ಸವರಿದಂತೆ ಮಿನುಗುವ ಕಂದು ಮೈಯ ಹಾವುರಾಣಿ. ಹೊರದೇಶದಲ್ಲಿ ಇಂಥ ಪ್ರಾಣಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಮರಳು ತುಂಬಿ ಸಾಕುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದನಂತೆ. ಗದ್ದೆಯ ಬದುವಿನಲ್ಲಿ ಸಿಕ್ಕಿದ ಇದನ್ನು ತಾನೂ ಸಾಕಬೇಕೆಂದು ಅವನ ಆಸೆ. ಸಾಕುವ ಮಾತು ಮುಗಿಯುವ ಮೊದಲೇ ಅವನು ಕೇಳಿದ: "ಸರ, ಇದಕ್ಕ ರಾಣಿ ಅಂತಾರಲ್ಲ, ಹಂಗಾರ ಗಂಡಿಗೆ ಏನಂತಾರ್ರಿ?"

ಕನ್ನಡ ಮೇಷ್ಟರಾದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹುಡುಗನ ಜಿಜ್ಞಾಸೆಯನ್ನು ಹೊಗಳಿ, ಬಾಟಲಿಯನ್ನು ಬೆಳಕು ಬರಲೆಂದು ಕಿಟಕಿಯ ಬಳಿ ಇರಿಸಿ, ನಿಘಂಟುಗಳತ್ತ ತಿರುಗಿದೆ.

ತಮಿಳಿನಲ್ಲಿ ಈ ಪ್ರಾಣಿಗೆ ಅರಣೈ ಎಂದು ಹೆಸರು, ಮಲಯಾಳದಲ್ಲಿ ಅರಣ, ತುಳುವಿನಲ್ಲಿ ಅರಣೆ. ಹಳೆಯ ಕನ್ನಡದ ಮಾತೂ ಅರಣೆಯೇ. 1961ರಲ್ಲಿ ಹೊರಬಂದ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು ಇವೆಲ್ಲವನ್ನೂ ಒಂದೇ ಮನೆಯ ಮಕ್ಕಳೆಂದು ಸೇರಿಸಿದೆ. ನಮ್ಮ ಒರಳು ತೆಲುಗಿನಲ್ಲಿ ರೋಲು ಆದದ್ದನ್ನು ಬಲ್ಲವರಿಗೆ, ಅರಣೆ ಜನರ ಬಾಯಲ್ಲಿ ರಾಣೆಯಾಗಿ, ರಾಣಿಯಾಗಿ ತಿರುಗಿದ್ದು ಆಶ್ಚರ್ಯವೆನಿಸದು. ಮೂಲ ಮರೆತ ಮೇಲೆ ಅರ್ಥ ತುಂಬಲು ಮುಂದೆ 'ಹಾವು' ಬಂದು ಕುಳಿತಿರಬೇಕು. ಹೀಗೆ ಹಾವೂ ಅಲ್ಲದ, ರಾಣಿಯೂ ಅಲ್ಲದ ಒಂದು ಬಡಪ್ರಾಣಿಗೆ ಎರಡು ಪದವಿಗಳು ಒಟ್ಟಿಗೆ ದೊರೆತವು. ಆದುದರಿಂದ ಗಂಡಿಗೆ ಬೇರೆ ಹೆಸರು ಹುಡುಕುವ ಪ್ರಮೇಯವೇ ಇಲ್ಲ.

ಹೆಸರುಗಳು ಮುಳುಗುವುದು ನಮ್ಮ ಸೀಮೆಯವರಿಗೆ ಹೊಸತೇನೂ ಅಲ್ಲ. ಈಗಿನ ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ಎಂದೇ ಹೆಸರಿತ್ತು. ಕಾಳಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಆ ಊರು ಮುಳುಗಿತು. ಅರಣೆಯೂ ಹಾಗೆಯೇ ರಾಣಿಯ ಕೆಳಗೆ ಮುಳುಗಿದೆ.

ಆದರೆ ಹೆಸರಿನ ತಪ್ಪು ಹೆಸರಿನಲ್ಲೇ ನಿಲ್ಲುವುದಿಲ್ಲ. ಹಾವೆಂದೊಡನೆ ವಿಷ ಬಂತು. ಇದು ನೆಕ್ಕಿದರೆ ಸಾವು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಹಳೆಯದು. ಮಲಯಾಳಿಗಳು ಅರಣ ಕಚ್ಚಿದರೆ ಕೂಡಲೇ ಮರಣವೆಂದು ಪ್ರಾಸ ಕಟ್ಟಿದರು. ಯಾರೂ ಸಾಯದ್ದನ್ನು ಕಂಡು, ಕಚ್ಚಲು ಬಂದ ಅರಣ ಬಂದ ಕೆಲಸವನ್ನೇ ಮರೆಯುತ್ತದೆ ಎಂದು ಸಮಾಧಾನವನ್ನೂ ಹೇಳಿಕೊಂಡರು. ಅಲ್ಲಿ ಮರೆಗುಳಿತನಕ್ಕೆ ಅರಣಬುದ್ಧಿ ಎಂಬ ಮಾತೇ ಇದೆ. ಹಳಿಯಾಳ, ಜೋಯಿಡಾಗಳ ಮರಾಠಿ ನೆರೆಯವರ 'ಸಾಪಸುರಳಿ'ಯಲ್ಲಿಯೂ ಸಾಪ, ಅಂದರೆ ಹಾವು, ಸುರುಳಿ ಸುತ್ತಿಕೊಂಡಿದೆ. ನಿಜವಾಗಿ ಈ ಕುಲದ ಯಾವ ಪ್ರಾಣಿಗೂ ವಿಷವಿಲ್ಲ. ನಾನೂ ಹುಡುಗನಾಗಿದ್ದಾಗ ಓಣಿಯ ಗೆಳೆಯರೊಡನೆ ಸೇರಿ ಕಲ್ಲೆಸೆದು ಹಾವುರಾಣಿಗಳನ್ನು ಕೊಂದಿದ್ದೇನೆ. ಹಿರಿಯರು ಭಲೆ ಎಂದಿದ್ದರು.

ಒಂದು ಕಡೆ ವಿಷವಾದದ್ದು ಇನ್ನೊಂದು ಕಡೆ ವಿಷಕ್ಕೆ ಮದ್ದಾಯಿತು. ಉತ್ತರ ಆಫ್ರಿಕಾ ಮತ್ತು ಅರೇಬಿಯಾದ ಮರಳುಗಾಡಿನಲ್ಲಿ ಇದರ ದಾಯಾದಿಯೊಂದಿದೆ. 1758ರಲ್ಲಿ ಲಿನಿಯಸ್ ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡುವುದಕ್ಕೆ ಬಹು ಹಿಂದೆಯೇ, ರೋಮಿನ ಪ್ಲಿನಿ ಅದನ್ನು ಔಷಧಿಗಳಲ್ಲಿ ಎಣಿಸಿದ್ದ. ಒಣಗಿಸಿದ ಅದರ ದೇಹವನ್ನು ಯುನಾನಿ ಹಕೀಮರು 'ಸಕನ್‌ಕೂರ್' ಎಂದು ಕರೆದು ವಾಜೀಕರಣಕ್ಕೆ ಕೊಟ್ಟರು. ಪಾರಸಿಯಲ್ಲಿ ಅದು 'ರೇಗ್‌ಮಾಹಿ', ಅಂದರೆ ಮರಳಿನ ಮೀನು. ಆ ಹೆಸರು ಹಿಂದೂಸ್ತಾನಕ್ಕೂ ಬಂದು, ಥಾರ್ ಮರುಭೂಮಿಯ ಮರಳು ಹಾವುರಾಣಿಯ ಕೊರಳಿಗೆ ಉರುಳಾಯಿತು.

ಮೀನೆಂಬ ಮಾತು ಮಾತ್ರ ಸುಳ್ಳಲ್ಲ. ಆ ಪ್ರಾಣಿಯ ಮೂತಿ ಬೆಣೆಯಂತೆ ಚೂಪು, ಮೈ ನುಣುಪು. ಕಾಲುಗಳನ್ನು ಪಕ್ಕಕ್ಕೆ ಒತ್ತಿಕೊಂಡು ಮೈಯನ್ನು ಅಲೆಯಂತೆ ಬಳುಕಿಸಿ ಅದು ಮರಳಿನೊಳಗೆ ಈಜುವುದನ್ನು ಅಮೆರಿಕದ ಜಾರ್ಜಿಯಾ ಟೆಕ್ ವಿಜ್ಞಾನಿಗಳು ಕ್ಷ-ಕಿರಣಗಳಿಂದ ನೋಡಿ 2009ರಲ್ಲಿ ಪ್ರಕಟಿಸಿದರು. ನಮ್ಮ ಹುಡುಗ ಮೊಬೈಲಿನಲ್ಲಿ ಕಂಡದ್ದು ಇದನ್ನೇ. ಇದನ್ನು ಸಾಕುವವರು ಹಲವು ಅಂಗುಲ ಆಳಕ್ಕೆ ನಯವಾದ ಒಣ ಮರಳು ತುಂಬಿ, ಒಂದು ಮೂಲೆಗೆ ಬಿಸಿ ದೀಪ, ಇನ್ನೊಂದು ಮೂಲೆಗೆ ತಂಪು ಇರುವಂತೆ ಏರ್ಪಡಿಸಿ, ಜೀವಂತ ಚಿಮ್ಮಂಡೆಗಳನ್ನು ಬಿಡುತ್ತಾರೆ.

ಆದರೆ ನಮ್ಮ ಹಾವುರಾಣಿ ಮರುಭೂಮಿಯದಲ್ಲ. 1801ರಲ್ಲಿ ಜರ್ಮನಿಯ ಷ್ನೈಡರ್ ವಿವರಿಸಿದ ದೊಡ್ಡ ಹಾವುರಾಣಿ ಗದ್ದೆಯ ಬದು, ಬೇಲಿಯ ಬುಡ, ಕಲ್ಲುಗಳ ಸಂದಿಗಳಲ್ಲಿ ಇರುವಂಥದು. ಬೆಳಗಿನ ಬಿಸಿಲು ಕಾಯಿಸಿಕೊಂಡು, ಮಿಡತೆ, ಚಿಮ್ಮಂಡೆ, ಗೆದ್ದಲು, ಹುಳುಗಳನ್ನು ಹಿಡಿದು ತಿನ್ನುತ್ತದೆ. ರೈತನಿಗೆ ಕೂಲಿ ಕೇಳದ ಆಳು. ಶತ್ರು ಹಿಡಿದರೆ ಬಾಲವನ್ನು ಕಳಚಿಕೊಟ್ಟು ಜೀವ ಉಳಿಸಿಕೊಳ್ಳುತ್ತದೆ. ಬಾಲ ಮತ್ತೆ ಬೆಳೆಯುತ್ತದೆ. ಇದರ ನೆಂಟರಲ್ಲಿ ಗಿಡ್ಡ ಕಾಲಿನ ಕೆಲವು, ತರಗೆಲೆಯ ಕೆಳಗಿನ ಸಡಿಲ ಮಣ್ಣಿನಲ್ಲೇ ಬಾಳುತ್ತವೆ. ಅವುಗಳಲ್ಲಿ ಒಂದರ ಮರಿಗಳಿಗೆ ಕೆಂಪು ಬಾಲ. ಪಶ್ಚಿಮ ಘಟ್ಟದಲ್ಲಿ ಬೆಕ್ಕಿನಂತೆ ಉಗುರನ್ನು ಒಳಗೆಳೆದುಕೊಳ್ಳುವ ಒಂದು ಪಂಗಡವೂ ಉಂಟು. ಅದರಲ್ಲೊಂದಕ್ಕೆ 1887ರಲ್ಲಿ ಬೂಲೆಂಜರ್, ಮದರಾಸಿನ ಅರಣ್ಯಾಧಿಕಾರಿ ಬೆಡ್ಡೋಮನ ಹೆಸರಿಟ್ಟ. ಇವಕ್ಕೆಲ್ಲ ಬೇಕಾದದ್ದು ನೆರಳು, ಎಲೆಯ ಹಾಸು, ಮಣ್ಣಿನ ತೇವ.

ಇದೆಲ್ಲ ನಾನು ಓದಿ ತಿಳಿಯುವಷ್ಟರಲ್ಲಿ ತಡವಾಗಿತ್ತು. ಹುಡುಗ ಹಾಕಿದ ಅನ್ನದ ಅಗಳು ಹಾಗೆಯೇ ಒಣಗಿದ್ದವು. ಐದನೆಯ ದಿನ ಹಾವುರಾಣಿ ಕಾದ ಮರಳಿನ ಮೇಲೆ ಸತ್ತು ಬಿದ್ದಿತ್ತು. ಮರಳು ಹುಡುಗನದು, ಬಿಸಿಲು ಬೀಳುವ ಕಿಟಕಿಯಲ್ಲಿ ಇರಿಸಿದವನು ನಾನು. ಹಳ್ಳಿಯವರು ಅದನ್ನು ಹಾವೆಂದರು, ಹಕೀಮರು ಮದ್ದೆಂದರು. ಓದಿದವರಾದ ನಾವು ಮರಳುಗಾಡಿನ ಮೀನೆಂದು ಬಗೆದೆವು. ಅದನ್ನು ಅದಾಗಿ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ದಾಂಡೇಲಿಗೆ ಬರುವ ಪ್ರವಾಸಿಗರು ಹುಲಿಯನ್ನೂ ಮಂಗಟ್ಟೆ ಹಕ್ಕಿಯನ್ನೂ ಅರಸುತ್ತಾರೆ. 1956ರಲ್ಲಿ ಅಭಯಾರಣ್ಯವಾದ ಈ ಕಾಡು 2015ರಿಂದ ಕಾಳಿ ಹುಲಿ ರಕ್ಷಿತಾರಣ್ಯವೆನಿಸಿದೆ. ಅದರೊಳಗಿನ ಯಾವ ಕಾಡುಜೀವಿಯನ್ನು ಹಿಡಿದೊಯ್ದರೂ ಅಪರಾಧವೇ. ಆದರೆ ಹಳಿಯಾಳ, ಮುಂಡಗೋಡಗಳ ಗದ್ದೆಯ ಬದುವಿಗೆ ಕಾವಲುಗಾರರಿಲ್ಲ. ಅಲ್ಲಿ ಒಣಗಿದೆಲೆಗಳನ್ನು ಸುಡದೆ ಬಿಟ್ಟರೆ, ಕೈಯಲ್ಲಿನ ಕಲ್ಲನ್ನು ಕೆಳಗೆ ಹಾಕಿದರೆ, ಹಾವುರಾಣಿಯನ್ನು ಸಾಕಿದಂತೆಯೇ.

ಸತ್ತದ್ದನ್ನು ಹುಡುಗನೂ ನಾನೂ ಕಾಲೇಜಿನ ಹಿಂದಿನ ಸಾಗುವಾನಿ ಮರದ ಬುಡದಲ್ಲಿ ಹೂತೆವು. "ಇದರ ಹೆಸರು ಅರಣೆ" ಎಂದೆ. ಅವನು ಒಮ್ಮೆ ಮೆಲ್ಲಗೆ ಹೇಳಿಕೊಂಡ, ಮರೆಯಬಾರದೆಂಬಂತೆ.