ನೆಲದೊಳಗಿನ ಕಬ್ಬಿಣದ ಕುರುಹು

ನಾಡಿನ ಇತಿಹಾಸವೆಲ್ಲ ಶಿಲಾಶಾಸನ, ತಾಮ್ರಪಟ, ಓಲೆಗರಿಗಳಲ್ಲಿಯೇ ಅಡಗಿದೆಯೆಂದು ಭಾವಿಸುವುದು ಪೂರ್ಣ ಸತ್ಯವಲ್ಲ. ಮುಂಗಾರಿನ ಮೊದಲ ಮಳೆ ಹೊಲದ ಮಣ್ಣನ್ನು ತೊಳೆದ ಮೇಲೆ ಬದುವಿನ ಗುಂಟ ನಡೆಯುವವರ ಕಾಲಿಗೆ, ಹಾಳುಕೋಟೆಯ ಮಗ್ಗುಲಲ್ಲಿ ದನ ಕಾಯುವವರ ಕೋಲಿಗೆ ಒಮ್ಮೊಮ್ಮೆ ಒಂದು ಲೋಹದ ತುಂಡು ತಾಕುವುದುಂಟು. ಅದರ ಮೇಲೆ ಅಕ್ಷರವಿರುವುದಿಲ್ಲ, ರಾಜಮುದ್ರೆಯಿರುವುದಿಲ್ಲ. ಇರುವುದು ತುಕ್ಕು ತಿಂದ ಮೈ ಮಾತ್ರ. ಕಂಡವರು ಅದನ್ನು ಕೈಯಲ್ಲಿ ತಿರುವಿ ನೋಡಿ, ಯಾವುದೋ ಮುರಿದ ಕೊಳವೆಯೆಂದು ಬಗೆದು ಗುಜರಿಯವನ ತಕ್ಕಡಿಗೆ ಹಾಕಿಬಿಡುತ್ತಾರೆ. ಕೆಲವು ರೂಪಾಯಿಗಳಿಗೆ ಮಾರಿಹೋದ ಆ ತುಂಡಿನೊಡನೆ ಚರಿತ್ರೆಯ ಒಂದು ಪುಟವೂ ಕುಲುಮೆಗೆ ಬಿದ್ದಿತೆಂಬುದು ಯಾರ ಅರಿವಿಗೂ ಬರುವುದಿಲ್ಲ. ವಾಚಕ ಬಂಧುಗಳೇ, ಅಂಥ ವಸ್ತುವೊಂದು ನಿಮ್ಮ ಕೈಸೇರಿದರೆ ಅದು ಏನೆಂಬುದನ್ನು ನಿರ್ಣಯಿಸುವ ಬಗೆ ಹೇಗೆ? ಇದಕ್ಕೆ ಮಲೆನಾಡಿನ ನಗರವೆಂಬ ಊರಿನ ದೃಷ್ಟಾಂತವನ್ನು ತಮ್ಮ ಮುಂದಿಡಬಯಸುತ್ತೇವೆ.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನಲ್ಲಿರುವ ಈ ನಗರವೇ ಹಿಂದಿನ ಬಿದನೂರು. ಕೆಳದಿಯ ವೀರಶೈವ ಅರಸರು ಕೆಳದಿ, ಇಕ್ಕೇರಿಗಳ ತರುವಾಯ ರಾಜಧಾನಿಯನ್ನಾಗಿ ಮಾಡಿಕೊಂಡ ಊರು ಇದು. 1763ರಲ್ಲಿ ರಾಣಿ ವೀರಮ್ಮಾಜಿಯ ಕಾಲಕ್ಕೆ ಹೈದರಾಲಿಯು ಇದನ್ನು ಗೆದ್ದುಕೊಂಡು ಹೈದರ ನಗರವೆಂದು ಹೆಸರಿಟ್ಟನು. 2002ರಲ್ಲಿ ಇಲ್ಲಿಯ ಒಂದು ಪಾಳುಬಾವಿಯಲ್ಲಿ ಸುಮಾರು 160 ಕಬ್ಬಿಣದ ಕೊಳವೆಗಳು ದೊರೆತವು. ಅವು ಶಿವಮೊಗ್ಗದ ವಸ್ತುಸಂಗ್ರಹಾಲಯವನ್ನು ಸೇರಿದವಾದರೂ ಅವುಗಳ ನಿಜಸ್ವರೂಪವು ಕೂಡಲೇ ಗುರುತಿಗೆ ಬರಲಿಲ್ಲ. ಕೆಲವು ವರ್ಷಗಳು ಕಳೆದ ಮೇಲೆಯೇ ಅವು ಮೈಸೂರು ಸೈನ್ಯದ ಯುದ್ಧಬಾಣಗಳು, ಎಂದರೆ ರಾಕೆಟ್ಟುಗಳು, ಎಂದು ತಿಳಿದುಬಂದಿತು. 2018ರ ಜುಲೈ ತಿಂಗಳಲ್ಲಿ ಪುರಾತತ್ತ್ವ ಇಲಾಖೆಯವರು ಅಲ್ಲಿ ಬಾವಿಯನ್ನು ಅಗೆದಾಗ ಸಾವಿರಕ್ಕೂ ಮಿಕ್ಕಿ ಇಂಥವೇ ಬಾಣಗಳು ರಾಶಿಯಾಗಿ ಹೊರಬಂದವು.

ಈ ಗುರುತಿಸುವಿಕೆಯು ಊಹೆಯ ಮಾತಲ್ಲ. ಅದಕ್ಕೆ ಮೂರು ಮೆಟ್ಟಿಲುಗಳುಂಟು. ಮೊದಲನೆಯದು ವಸ್ತುವಿನ ರಚನೆ. ನೀರು ಹರಿಯುವ ಕೊಳವೆಯಾಗಿದ್ದರೆ ಎರಡು ತುದಿಗಳೂ ತೆರೆದಿರಬೇಕು. ತೋಪಿನ ಗುಂಡಾಗಿದ್ದರೆ ಅದು ಉಂಡೆಯಾಗಿರಬೇಕು. ಬಾಣದ ಕಬ್ಬಿಣದ ನಳಿಗೆಯ ರಚನೆಯೇ ಬೇರೆ: ಅದರ ಒಂದು ತುದಿ ಮುಚ್ಚಿದ್ದು, ಮತ್ತೊಂದು ತುದಿಯಲ್ಲಿ ಕಿರಿದಾದ ರಂಧ್ರವಿರುತ್ತದೆ, ಒಳಗೆ ಪೆಟ್ಲುಪ್ಪು, ಗಂಧಕ, ಇದ್ದಿಲುಗಳನ್ನು ಕೂಡಿಸಿ ಮಾಡಿದ ಮದ್ದನ್ನು ಗಟ್ಟಿಯಾಗಿ ತುಂಬಿರುತ್ತಾರೆ. ಮದ್ದಿಗೆ ಕಿಚ್ಚು ತಾಕಿದರೆ ಹುಟ್ಟಿದ ಹೊಗೆಯು ಆ ಕಿರುರಂಧ್ರದಿಂದ ಮಹಾವೇಗದಲ್ಲಿ ಹಿಂದಕ್ಕೆ ನುಗ್ಗುತ್ತದೆ, ನಳಿಗೆಯು ಮುಂದಕ್ಕೆ ಹಾರುತ್ತದೆ. ದಿಕ್ಕು ತಪ್ಪದಂತೆ ಅದನ್ನು ಬಿದಿರಿನ ಗಳುವಿಗೋ ಕತ್ತಿಗೋ ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. ಬಿದಿರೂ ತೊಗಲೂ ಮಣ್ಣಿನಲ್ಲಿ ಕರಗಿಹೋಗುವಂಥವು, ಕಬ್ಬಿಣವು ಉಳಿಯುತ್ತದೆ. ಆದಕಾರಣವೇ ಉಳಿದ ಭಾಗ ಮಾತ್ರವನ್ನು ಕಂಡವರಿಗೆ ಇಡೀ ಆಯುಧದ ರೂಪವು ಹೊಳೆಯುವುದಿಲ್ಲ.

ಎರಡನೆಯ ಮೆಟ್ಟಿಲು ಹೋಲಿಕೆ. ಇಂಗ್ಲೆಂಡಿನ ವೂಲಿಚ್‌ನಲ್ಲಿಯ ತೋಪುಖಾನೆಯ ಸಂಗ್ರಹಾಲಯದಲ್ಲಿದ್ದ ಎರಡು ಮೈಸೂರು ಬಾಣಗಳ ಅಳತೆಗಳನ್ನು ನಮ್ಮ ನಾಡಿನ ವ್ಯೋಮವಿಜ್ಞಾನಿಗಳಾದ ದಿವಂಗತ ಡಾ. ರೊದ್ದಂ ನರಸಿಂಹ ಅವರು 1985ರ ತಮ್ಮ ಪ್ರಬಂಧದಲ್ಲಿ ನಮೂದಿಸಿದ್ದಾರೆ. ಒಂದರ ನಳಿಗೆಯ ಹೊರವ್ಯಾಸ 58 ಮಿಲಿಮೀಟರು, ಉದ್ದ 254 ಮಿಲಿಮೀಟರು. ಮತ್ತೊಂದರ ವ್ಯಾಸ 37, ಉದ್ದ 198 ಮಿಲಿಮೀಟರು. ನಗರದ ಬಾವಿಯಲ್ಲಿ 2018ರಲ್ಲಿ ದೊರೆತವುಗಳ ಉದ್ದ 23ರಿಂದ 26 ಸೆಂಟಿಮೀಟರು. ವೂಲಿಚ್‌ನ ದೊಡ್ಡ ಬಾಣದ ಉದ್ದವು ಸರಿಯಾಗಿ ಈ ಮೇರೆಯೊಳಗೆ ಬೀಳುತ್ತದೆ. ಸಾವಿರಾರು ಮೈಲಿಗಳ ದೂರದಲ್ಲಿದ್ದ ವಸ್ತುವು ಮಲೆನಾಡಿನ ಬಾವಿಯೊಳಗಿನ ವಸ್ತುವಿಗೆ ಸಾಕ್ಷಿ ನುಡಿಯಿತು. ಅಳತೆಗೋಲು ಚರಿತ್ರೆಕಾರನಿಗೆ ಎಷ್ಟು ಅವಶ್ಯವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಡ.

ಮೂರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ದೊರೆತ ಸ್ಥಳ. ಬಾವಿಯ ಮಣ್ಣು ಮದ್ದಿನ ವಾಸನೆ ಬೀರುತ್ತಿದ್ದುದೇ ಅಗೆತಕ್ಕೆ ಪ್ರೇರಣೆಯಾಯಿತೆಂದು ಆಗ ವರದಿಯಾಯಿತು. ಒಂಟಿಯಾಗಿ ಸಿಕ್ಕ ನಳಿಗೆಯು ಬರಿಯ ಒಂದು ಪ್ರಶ್ನೆ. ಕೋಟೆಯೂರಿನ ಒಂದೇ ಎಡೆಯಲ್ಲಿ, ಮದ್ದಿನ ಮಣ್ಣಿನೊಳಗೆ, ಸಾವಿರ ಸಂಖ್ಯೆಯಲ್ಲಿ ದೊರೆತ ನಳಿಗೆಗಳು ಆ ಪ್ರಶ್ನೆಗೆ ಉತ್ತರ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಸಾತವಾಹನರ ಕಾಲದ ಅವಶೇಷಗಳ ನಡುವೆ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತುವಷ್ಟೆ. ಅದೇ ನಾಣ್ಯವು ಅಕ್ಕಸಾಲಿಗನ ಅಂಗಡಿಯಲ್ಲಿ ಸಿಕ್ಕಿದ್ದರೆ ಅದು ಕೇವಲ ಬೆಳ್ಳಿ. ಮಣ್ಣಿನ ಪದರದಲ್ಲಿ ಸಿಕ್ಕದ್ದರಿಂದ ಅದು ಸುತ್ತಣ ಮಡಕೆಯ ಚೂರುಗಳಿಗೂ ಕಾಲವನ್ನು ತಿಳಿಸಿಕೊಟ್ಟಿತು. ನೆಲದಿಂದ ಬೇರ್ಪಟ್ಟ ವಸ್ತುವು ತನ್ನ ಅರ್ಧ ಮಾತನ್ನು ಕಳೆದುಕೊಂಡಂತೆಯೇ ಸರಿ.

ಹೀಗೆ ಗುರುತಿಸಲ್ಪಟ್ಟ ಈ ಕಬ್ಬಿಣದ ಹಿರಿಮೆಯೇನು? ಬಾಣಬಿರುಸು ನಮ್ಮ ನಾಡಿಗೆ ಹೊಸದಾಗಿರಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಅಲ್ಲಿಯ ಉತ್ಸವದ ಬಿರುಸುಗಳನ್ನು ಕಂಡು ಬರೆದಿದ್ದಾನೆ. ಆದರೆ ಕಾಗದದ ನಳಿಗೆಯು ಒಳಗಿನ ಒತ್ತಡವನ್ನು ಹೆಚ್ಚು ತಾಳಲಾರದು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಕಮ್ಮಾರರು ಒಳ್ಳೆಯ ಕಬ್ಬಿಣದಿಂದ ನಳಿಗೆಯನ್ನು ಮಾಡಿದ್ದರಿಂದ ಹೆಚ್ಚು ಮದ್ದನ್ನು ತುರುಕುವುದು ಸಾಧ್ಯವಾಗಿ, ಬಾಣವು ಒಂದು ಮೈಲಿಗೂ ಮೀರಿ ಹಾರತೊಡಗಿತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯವು ಸೋತು ಸೆರೆಯಾದ ಕಾಳಗದಲ್ಲಿ ಈ ಬಾಣಗಳು ಬಳಕೆಯಾಗಿದ್ದವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಆಂಗ್ಲರು ಕೈವಶವಾದ ಬಾಣಗಳನ್ನು ತಮ್ಮ ದೇಶಕ್ಕೆ ಸಾಗಿಸಿದರು. ಅಲ್ಲಿ ವಿಲಿಯಂ ಕಾಂಗ್ರೀವನು ತಾನೊಂದು ಬಗೆಯ ಬಾಣವನ್ನು ಸಿದ್ಧಪಡಿಸಿದನು; 1806ರಲ್ಲಿ ಬೊಲೋನ್ ಬಂದರಿನ ಮೇಲೆಯೂ 1807ರಲ್ಲಿ ಕೋಪನ್‌ಹೇಗನ್ ಪಟ್ಟಣದ ಮೇಲೆಯೂ ಅವು ಸುರಿದವು. ಕನ್ನಡ ನಾಡಿನ ಕುಲುಮೆಯ ವಿದ್ಯೆಯು ಯುರೋಪಿನ ಯುದ್ಧಕ್ರಮದೊಳಗೆ ಸೇರಿಕೊಂಡದ್ದು ಹೀಗೆ.

ಇಲ್ಲಿ ನಮ್ಮ ಸಮಾಜ ಬಾಂಧವರು ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ಬಿದನೂರು ವೀರಶೈವ ಅರಸರ ರಾಜಧಾನಿಯಾಗಿತ್ತೆಂಬ ಕಾರಣದಿಂದ ಅಲ್ಲಿ ದೊರೆತ ಆಯುಧವೂ ಅವರದೇ ಆಗಿರಲೆಂದು ಅಭಿಮಾನವು ಆಸೆಪಡುತ್ತದೆ. ಆದರೆ ರಚನೆ, ಅಳತೆ, ಹೋಲಿಕೆಗಳೆಲ್ಲ ಅದನ್ನು ಮೈಸೂರಿನ ಸೈನ್ಯಕ್ಕೇ ಸಲ್ಲಿಸುತ್ತವೆ, ನಾವೂ ಸಲ್ಲಿಸಲೇಬೇಕು. ಶಿಸ್ತಿಗೆ ಹೆಸರಾದ ಶಿವಪ್ಪನಾಯಕ, 1689ರಲ್ಲಿ ಛತ್ರಪತಿ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮಾಜಿ, ಶಿವತತ್ತ್ವರತ್ನಾಕರವೆಂಬ ಮಹಾಕೋಶವನ್ನು ರಚಿಸಿದ ಬಸವಪ್ಪನಾಯಕ, ಇವರ ಕೀರ್ತಿಗೆ ಎರವಲು ಒಡವೆಯ ಅಗತ್ಯವಿಲ್ಲ. ನಮ್ಮದಲ್ಲದ್ದನ್ನು ನಮ್ಮದೆನ್ನುವುದು ಪರಧನವನ್ನು ಬಯಸಿದಂತೆಯೇ ಸರಿ. ಶರಣಧರ್ಮವು ಅದನ್ನು ಒಪ್ಪದು. ಕುರುಹಿನಿಂದ ಅರಿವಿನೆಡೆಗೆ ನಡೆಯಬೇಕೆಂಬುದು ನಮ್ಮ ಹಿರಿಯರ ಬೋಧೆ. ಮೊದಲೇ ನಿಶ್ಚಯಿಸಿಕೊಂಡ ಅರಿವಿಗೆ ತಕ್ಕಂತೆ ಕುರುಹನ್ನು ತಿದ್ದಲು ಹೊರಟರೆ ಚರಿತ್ರೆಯೂ ಉಳಿಯದು, ಧರ್ಮವೂ ಉಳಿಯದು. ಆ ನಳಿಗೆಯನ್ನು ಬಡಿದು ಮಾಡಿದ ಕಮ್ಮಾರರ ಹೆಸರು ಅದರ ಮೇಲಿಲ್ಲ. ಹೆಸರಿಲ್ಲದ ಆ ದುಡಿಮೆಯನ್ನು ಕಾಯಕವೆಂದು ಗೌರವಿಸುವುದಾದರೆ, ಅದನ್ನು ಇದ್ದುದಿದ್ದಂತೆ ತಿಳಿಯುವುದೇ ನಾವು ಸಲ್ಲಿಸಬಹುದಾದ ಗೌರವ.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಗುರುತಿಲ್ಲದ ಲೋಹದ ವಸ್ತು ಕಣ್ಣಿಗೆ ಬಿದ್ದರೆ ಅದನ್ನು ಬಡಿಯಬೇಡಿ, ಬೆಂಕಿಗೆ ಹಿಡಿಯಬೇಡಿ, ಕಲ್ಲಿಗೆ ತಿಕ್ಕಿ ತುಕ್ಕು ಬಿಡಿಸಬೇಡಿ. ಒಳಗೆ ಮದ್ದಿದ್ದರೆ ಅದು ಪ್ರಾಣಕ್ಕೆ ಎರವಾದೀತು. ಮದ್ದಿಲ್ಲದಿದ್ದರೂ ತಿಕ್ಕಿದ ಮೈಯಲ್ಲಿ ಗುರುತುಗಳು ಅಳಿದಾವು. ಸಾಧ್ಯವಾದರೆ ಇದ್ದಲ್ಲಿಯೇ ಬಿಟ್ಟು, ಭಾವಚಿತ್ರ ತೆಗೆದು, ಪಕ್ಕದ ಗಿಡ, ಬಂಡೆ, ಬಾವಿಗಳ ಗುರುತಿನೊಡನೆ ಸ್ಥಳವನ್ನು ಬರೆದಿಟ್ಟುಕೊಳ್ಳಿ. ತಹಶೀಲ್ದಾರರಿಗೋ ಪುರಾತತ್ತ್ವ ಇಲಾಖೆಗೋ ಸುದ್ದಿ ಮುಟ್ಟಿಸಿ. ಭೂಗತವಾದ ನಿಧಿಯ ವಿಷಯವನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಾಯಿದೆ ಭಾರತದಲ್ಲಿ 1878ರಲ್ಲಿಯೇ ಜಾರಿಗೆ ಬಂದಿತು. ಕರ್ನಾಟಕಕ್ಕೆ 1962ರ ಕಾಯಿದೆಯೂ ಉಂಟು. ಕಾಯಿದೆಯ ಭಯಕ್ಕಿಂತ ಪೂರ್ವಿಕರ ಋಣವು ದೊಡ್ಡದು.

ನಗರದ ಬಾವಿಯಿಂದ ಬಂದ ಬಾಣಗಳಿಗೆ ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಹೆಸರು ಹೊತ್ತ ಅರಮನೆಯ ವಸ್ತುಸಂಗ್ರಹಾಲಯವು ನೆಲೆಯಾಯಿತು. ಕೆಳದಿಯ ಅರಸನ ಹೆಸರಿನ ಮನೆಯಲ್ಲಿ ಕೆಳದಿಯನ್ನು ಗೆದ್ದವರ ಆಯುಧವು ಅತಿಥಿಯಾಗಿದೆ. ಅದನ್ನು ಅದರ ನಿಜವಾದ ಹೆಸರಿನಿಂದ ಕರೆಯುವುದೇ ಆ ಅತಿಥಿಗೆ ಸಲ್ಲಬೇಕಾದ ಸತ್ಕಾರ.