ಮ್ಯಾಂಚೆಸ್ಟರಿನ ಯಂತ್ರಶಾಲೆಯಲ್ಲಿ ಒಂದು ದಿನ



ವಸ್ತುಸಂಗ್ರಹಾಲಯವೆಂದೊಡನೆ ನಮ್ಮ ಮನಸ್ಸಿಗೆ ತೋರುವುವು ಶಿಲಾಪ್ರತಿಮೆಗಳು, ತಾಮ್ರಶಾಸನಗಳು, ತುಕ್ಕು ಹಿಡಿದ ಖಡ್ಗಗಳು. ಗಿರಣಿಯ ಯಂತ್ರವೂ ಸರಕಿನ ಉಗ್ರಾಣವೂ ಇತಿಹಾಸದ ಸಾಮಗ್ರಿಗಳೇ ಎಂಬ ಭಾವನೆ ನಮ್ಮಲ್ಲಿ ಅಷ್ಟಾಗಿ ಬೇರೂರಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿ ಒಂದು ಹಗಲನ್ನು ಕಳೆದವರಿಗೆ ಈ ವಿಷಯದಲ್ಲಿ ಸಂದೇಹವುಳಿಯದು. ೧೯೬೯ರಲ್ಲಿ ನಗರದ ಬೇರೊಂದು ಬೀದಿಯಲ್ಲಿ ಆರಂಭವಾದ ಈ ಸಂಸ್ಥೆಯು ೧೯೮೩ರಲ್ಲಿ ಲಿವರ್‌ಪೂಲ್ ರಸ್ತೆಗೆ ಬಂದಿತು. ಅಲ್ಲಿ ಕಟ್ಟಡವೇ ಮೊದಲ ಪ್ರದರ್ಶನವಸ್ತು.

ಏಕೆಂದರೆ ಅದು ೧೮೩೦ರ ರೈಲು ನಿಲ್ದಾಣ. ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ನಡುವೆ ಹಾಕಿದ ಉಗಿಬಂಡಿಯ ಹಾದಿಯ ಕೊನೆಯ ತಾಣ. ಜಗತ್ತಿನಲ್ಲಿ ಇಂದಿಗೂ ನಿಂತಿರುವ ಇಂತಹ ನಿಲ್ದಾಣಗಳಲ್ಲಿ ಇದೇ ಹಳೆಯದು. ೧೮೪೪ರಲ್ಲಿ ಪ್ರಯಾಣಿಕರ ಸಂಚಾರ ನಿಂತುಹೋದರೂ ೧೯೭೫ರವರೆಗೆ ಇಲ್ಲಿ ಸರಕು ಇಳಿಯುತ್ತಿದ್ದಿತು. ಹೊರಗಿನಿಂದ ನೋಡಿದರೆ ಯಾವನೋ ಅನುಕೂಲಸ್ಥ ವರ್ತಕನ ಮನೆಯಂತೆ ಕಾಣುತ್ತದೆ. ನಿಲ್ದಾಣವೆಂಬುದು ಹೇಗಿರಬೇಕೆಂದು ಆಗ ಯಾರಿಗೆ ತಿಳಿದಿದ್ದಿತು? ಆದರೆ ಒಂದು ಸಂಗತಿಯನ್ನು ಮಾತ್ರ ಮೊದಲೇ ನಿಶ್ಚಯಿಸಿಕೊಂಡಿದ್ದರು: ಮೊದಲನೆಯ ತರಗತಿಯವರಿಗೆ ಒಂದು ಬಾಗಿಲು, ಎರಡನೆಯ ತರಗತಿಯವರಿಗೆ ಬೇರೊಂದು ಬಾಗಿಲು. ಯಂತ್ರ ಹೊಸದು, ಪಂಕ್ತಿಭೇದ ಹಳೆಯದು.

ಈ ಹಾದಿಯು ಪ್ರಾರಂಭವಾದ ೧೮೩೦ನೆಯ ಸೆಪ್ಟೆಂಬರ್ ೧೫ರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಆ ದಿನ ಲಿವರ್‌ಪೂಲಿನಿಂದ ಎಂಟು ಬಂಡಿಗಳು ಹೊರಟವು. ಪ್ರಧಾನ ಮಂತ್ರಿಯಾಗಿದ್ದ ವೆಲ್ಲಿಂಗ್ಟನ್ ಪ್ರಭುವು ಮೊದಲನೆಯದರಲ್ಲಿದ್ದನು. ನಮ್ಮವರಿಗೆ ಈತನ ಪರಿಚಯ ಬೇಕಿಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಈತನು. ದಾರಿಯ ನಡುವೆ ಪಾರ್ಕ್‌ಸೈಡ್ ಎಂಬಲ್ಲಿ ನೀರು ತುಂಬಿಕೊಳ್ಳಲು ಬಂಡಿ ನಿಂತಿತು. ಲಿವರ್‌ಪೂಲಿನ ಪಾರ್ಲಿಮೆಂಟ್ ಸದಸ್ಯ ವಿಲಿಯಂ ಹಸ್ಕಿಸನ್ನನಿಗೂ ಪ್ರಭುವಿಗೂ ಎರಡು ವರ್ಷಗಳಿಂದ ಮನಸ್ತಾಪ. ಅದನ್ನು ಕಳೆದುಕೊಳ್ಳಲು ಇದೇ ಸಮಯವೆಂದು ಹಸ್ಕಿಸನ್ನನು ಕೆಳಗಿಳಿದು ಪ್ರಭುವಿನ ಬಂಡಿಯ ಬಳಿಗೆ ಬಂದನು. ಅಷ್ಟರಲ್ಲಿ ಪಕ್ಕದ ಹಳಿಯ ಮೇಲೆ ‘ರಾಕೆಟ್’ ಎಂಬ ಯಂತ್ರವು ಬಂದಿತು. ಗಾಬರಿಯಿಂದ ಆತನು ಪ್ರಭುವಿನ ಬಂಡಿಯ ಬಾಗಿಲನ್ನು ಹಿಡಿದು ತೂಗಿದನು. ಬಾಗಿಲು ಹೊರಕ್ಕೆ ತೆರೆದುಕೊಂಡು ಆತನನ್ನು ಯಂತ್ರದ ದಾರಿಗೇ ಒಯ್ದಿತು. ಕಾಲು ನುಚ್ಚುನೂರಾಯಿತು. ಅದೇ ರಾತ್ರಿ ಆತನು ತೀರಿಕೊಂಡನು.

ಮೆರವಣಿಗೆಯಾದರೋ ಮುಂದೆ ಸಾಗಿತು. ಮ್ಯಾಂಚೆಸ್ಟರಿನಲ್ಲಿ ಕಾದಿದ್ದ ಜನ ಜಯಕಾರ ಮಾಡಲು ಬಂದವರಲ್ಲ. ೧೮೧೯ರಲ್ಲಿ ಆ ನಗರದ ಸೇಂಟ್ ಪೀಟರ್ ಮೈದಾನದಲ್ಲಿ ಮತದಾನದ ಹಕ್ಕನ್ನು ಕೇಳಿದ ನಿರಾಯುಧ ಜನರ ಮೇಲೆ ಕುದುರೆ ಸವಾರರು ಬಿದ್ದುದನ್ನು ಅವರು ಮರೆತಿರಲಿಲ್ಲ. ಪ್ರಭುವು ಬಂಡಿಯಿಂದ ಕೆಳಗಿಳಿಯಲೇ ಇಲ್ಲ. ಆ ದಿನ ಪ್ರಯಾಣ ಮಾಡಿದ್ದ ನಟಿ ಫ್ಯಾನಿ ಕೆಂಬಲ್ ಒಂದು ನೋಟವನ್ನು ಬರೆದಿಟ್ಟಿದ್ದಾಳೆ. ಜನಸಂದಣಿಗಿಂತ ಎತ್ತರದಲ್ಲಿ ಯಾರೋ ಒಂದು ಕೈಮಗ್ಗವನ್ನು ಹೂಡಿದ್ದರು; ಹರಕು ಬಟ್ಟೆ ಉಟ್ಟು, ಹಸಿವಿನಿಂದ ಸೊರಗಿದ ನೇಕಾರನೊಬ್ಬನು ಅದರ ಮುಂದೆ ಕುಳಿತಿದ್ದನು. ಯಂತ್ರಗಳ ಜಯೋತ್ಸವಕ್ಕೆ ಅದೊಂದು ಮೂಕ ಪ್ರತಿಭಟನೆ. ಮ್ಯಾಂಚೆಸ್ಟರಿನ ಬಟ್ಟೆ ನಮ್ಮ ನೇಕಾರರ ಅನ್ನವನ್ನು ಕಿತ್ತುಕೊಂಡಿತೆಂದು ನಾವು ಓದಿಕೊಂಡು ಬಂದಿದ್ದೇವೆ, ಅದು ನಿಜ. ತನ್ನ ಊರಿನ ನೇಕಾರನ ಅನ್ನವನ್ನೂ ಅದು ಬಿಟ್ಟಿರಲಿಲ್ಲವೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

ಸಂಗ್ರಹಾಲಯದ ನೂಲುವ ಯಂತ್ರಗಳನ್ನು ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನೋಡಬೇಕು. ಅರಳೆಯನ್ನು ಹಿಂಜುವುದು ಮೊದಲ್ಗೊಂಡು ನೂಲನ್ನು ನೇಯುವವರೆಗಿನ ಕೆಲಸವನ್ನೆಲ್ಲ ಅಲ್ಲಿ ಯಂತ್ರ ನಡೆಸಿಯೇ ತೋರಿಸುತ್ತಾರೆ. ೧೭೬೯ರಲ್ಲಿ ಆರ್ಕ್‌ರೈಟನು ಹಕ್ಕುಪತ್ರ ಪಡೆದ ನೀರಿನ ಬಲದ ರಾಟೆ, ೧೭೭೯ರಲ್ಲಿ ಕ್ರಾಂಪ್ಟನ್ನನು ರೂಪಿಸಿದ ‘ಮ್ಯೂಲ್’ ಇವುಗಳಿಂದ ಒಬ್ಬನ ಕೈಕೆಳಗೆ ನೂರಾರು ಕದಿರುಗಳು ತಿರುಗುವಂತಾಯಿತು. ಚಲಿಸುತ್ತಿರುವ ಮ್ಯೂಲಿನ ಕೆಳಗೆ ತೆವಳಿ ಬಿದ್ದ ಅರಳೆಯನ್ನು ಗುಡಿಸುತ್ತಿದ್ದವರು ಎಳೆಯ ಮಕ್ಕಳು. ಮಗ್ಗಗಳ ಆರ್ಭಟದಲ್ಲಿ ಮಾತು ಕೇಳಿಸದು. ಆದುದರಿಂದ ಹೆಂಗಸರು ಒಬ್ಬರ ತುಟಿಯನ್ನು ಒಬ್ಬರು ನೋಡಿ ಮಾತನಾಡುವುದನ್ನು ಕಲಿತರು. ಲಾಳಿಯ ಕಣ್ಣಿನಿಂದ ನೂಲನ್ನು ಬಾಯಲ್ಲೇ ಎಳೆದು ಸೆಳೆದುಕೊಳ್ಳುತ್ತಿದ್ದರು. ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಅಂಟಲು ಬೇರೆ ದಾರಿ ಬೇಕೆ?

ಇದೇ ಸಂಗ್ರಹಾಲಯದಲ್ಲಿ ‘ಬೇಬಿ’ ಎಂಬ ಗಣಕಯಂತ್ರದ ಪ್ರತಿರೂಪವೊಂದಿದೆ. ಮೂಲಯಂತ್ರವು ೧೯೪೮ನೆಯ ಜೂನ್ ೨೧ರಂದು ತನ್ನೊಳಗೇ ಇಟ್ಟುಕೊಂಡ ಆದೇಶಗಳಂತೆ ಒಂದು ಲೆಕ್ಕವನ್ನು ೫೨ ನಿಮಿಷಗಳಲ್ಲಿ ಮಾಡಿ ಮುಗಿಸಿತು. ಅದರ ಕಥೆಗೇ ಇನ್ನೊಂದು ಭಾಷಣ ಬೇಕು. ನಾವು ಅರಳೆಗೆ ಹಿಂದಿರುಗೋಣ.

ನಿಲ್ದಾಣದ ಎದುರಿಗೆ ೧೮೩೦ರ ಉಗ್ರಾಣವಿದೆ. ಮೇಲಂತಸ್ತಿಗೆ ರೈಲು, ಕೆಳಗಿನ ಬೀದಿಗೆ ಕುದುರೆಗಾಡಿ, ಹೀಗೆ ಜಾಣತನದಿಂದ ಕಟ್ಟಿದುದು. ಇಲ್ಲಿಳಿದ ಅರಳೆಯ ಮೂಟೆಗಳೆಲ್ಲಿಯವು? ಬಹುಭಾಗ ಅಮೆರಿಕದ ದಕ್ಷಿಣ ಸಂಸ್ಥಾನಗಳವು. ಗುಲಾಮರು ಬೆಳೆದು ಬಿಡಿಸಿದವು. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ರೇವುಗಳು ಮುಚ್ಚಲು, ಲ್ಯಾಂಕಷೈರಿನ ಗಿರಣಿಗಳು ನಿಂತು ಲಕ್ಷಾಂತರ ಜನ ಗಂಜಿಗೆ ಕೈಚಾಚಿದರು. ಹೀಗಿದ್ದರೂ ೧೮೬೨ರ ಡಿಸೆಂಬರ್ ೩೧ರಂದು ಮ್ಯಾಂಚೆಸ್ಟರಿನ ಕೆಲಸಗಾರರು ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ನಿಂತ ಲಿಂಕನ್ನನಿಗೆ ಬೆಂಬಲದ ಪತ್ರ ಬರೆದರು; ಆತನು ಮರುತಿಂಗಳೇ ಕೃತಜ್ಞತೆಯಿಂದ ಉತ್ತರಿಸಿದನು.

ಗಿರಣಿಯ ಒಡೆಯರಾದರೋ ಭೂಪಟವನ್ನು ಬಿಚ್ಚಿದರು. ಅವರ ಕಣ್ಣು ಧಾರವಾಡದ ಕರಿನೆಲದ ಮೇಲೆ ಬಿದ್ದಿತು. ಅಮೆರಿಕದ ಹತ್ತಿಯ ಜಾತಿಯೊಂದನ್ನು ಅಲ್ಲಿ ಇಪ್ಪತ್ತು ವರ್ಷ ಮುಂಚೆಯೇ ಬೆಳೆಸಿ ನೋಡಿದ್ದರು. ಅಲ್ಲಿನ ಹತ್ತಿ ಘಟ್ಟವಿಳಿದು ಕುಮಟೆಯ ರೇವಿನಿಂದ ಹೊರಡುತ್ತಿದ್ದುದರಿಂದ ಇಂಗ್ಲೆಂಡಿನ ಪೇಟೆಯಲ್ಲಿ ನಾಡಹತ್ತಿಗೆ ಕುಮಟಾ ಎಂದೇ ಹೆಸರು. ಕಾರವಾರದಲ್ಲಿ ದೊಡ್ಡ ಬಂದರಾಗಲಿ, ಅಲ್ಲಿಗೆ ಘಟ್ಟದ ರಸ್ತೆಯಾಗಲಿ ಎಂದು ಮ್ಯಾಂಚೆಸ್ಟರಿನವರು ಒತ್ತಾಯ ಹಿಡಿದರು. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯೇ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಹೋಯಿತು. ಹತ್ತಿಯ ಬೆಲೆ ಏರಿತು. ರೈತನ ಕೈಯಲ್ಲಿ ಹಿಂದೆಂದೂ ಕಾಣದಷ್ಟು ಹಣ ಓಡಾಡಿತು. ೧೮೬೫ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಅಮೆರಿಕದ ಮೂಟೆಗಳು ಮತ್ತೆ ಲಿವರ್‌ಪೂಲಿಗೆ ಬಂದವು. ಧಾರವಾಡದಲ್ಲಿ ಬೆಲೆ ಕುಸಿದುಬಿದ್ದಿತು.